ಮುಳ್ಳಕ್ಷರದಕ್ಕ

ಬೋರ್ಡ್ ಬರೆಯುವವರ ಅಂಗಡಿಗೂ ನನ್ನ ಗಾಜಿನ ಅಂಗಡಿಗೂ ನಡುವೆ ಇದ್ದದ್ದು ಒಂದು ಅರ್ಧಗೋಡೆ. ಎದೆಮಟ್ಟದವರೆಗೆ ಇಟ್ಟಿಗೆ, ಅದರ ಮೇಲೆ ಕಬ್ಬಿಣದ ಜಾಲರಿ. ಆ ಜಾಲರಿಯ ಈಚೆ ನಿಂತು ಇಪ್ಪತ್ತಾರು ವರ್ಷ ಆ ಗಂಡಹೆಂಡತಿ ಕೆಲಸ ಮಾಡುವುದನ್ನು ನೋಡಿದ್ದೇನೆ. ನಾನು ಗಾಜು ಕೊಯ್ಯುವ ಕರ್ಕಶ ಸದ್ದು ಅವರ ಪಾಲಿಗೆ, ಅವರ ಟರ್ಪೆಂಟೈನ್ ವಾಸನೆ ನನ್ನ ಪಾಲಿಗೆ. ಜಗಳವಿಲ್ಲದೆ ಹಂಚಿಕೊಂಡಿದ್ದೆವು.

ಗಂಡನನ್ನು ಊರೆಲ್ಲ ಬೋರ್ಡಣ್ಣ ಎನ್ನುತ್ತಿತ್ತು. ಹೆಂಡತಿಗೆ ಒಂದು ಅಡ್ಡಹೆಸರೂ ಇರಲಿಲ್ಲ. ಬೇರೆಯವರ ಬಾಯಲ್ಲಿ ಆಕೆ ‘ಬೋರ್ಡಣ್ಣನ ಮನೆಯವರು’. ನಾನು ಅಕ್ಕ ಎನ್ನುತ್ತಿದ್ದೆ. ನಾನೀಗ ಹೇಳಹೊರಟಿರುವುದು ಅಕ್ಕನ ವಿಷಯ.

ಅವರ ಅಂಗಡಿಯಿಂದ ಹೊರಬೀಳುತ್ತಿದ್ದ ಅಕ್ಷರವನ್ನು ಜನ ಮುಳ್ಳಕ್ಷರ ಎಂದು ಕರೆಯುತ್ತಿದ್ದರು. ದಪ್ಪ ಮೈ, ಕಡುಕಪ್ಪು, ನೆಟ್ಟಗೆ ನಿಂತ ಕಂಬಗಳಂಥ ಗೆರೆಗಳು. ಕಂಬದಿಂದ ಕಂಬಕ್ಕೆ ಹೋಗುವ ಕಡೆ ಮಾತ್ರ ಕೂದಲೆಳೆಯಷ್ಟು ತೆಳುವು. ಪ್ರತಿ ಗೆರೆಯ ತಲೆಗೂ ಪಾದಕ್ಕೂ ಒಂದೊಂದು ಚೂಪು ಮುಳ್ಳು, ಚುಚ್ಚೀತೇನೋ ಅನ್ನಿಸುವ ಹಾಗೆ. ಬೀದಿಯ ಆ ತುದಿಯಿಂದಲೇ ಕಣ್ಣು ಹಿಡಿದು ಎಳೆಯುವ ಅಕ್ಷರ ಅದು. ಅಂಗಡಿಯ ಹೆಸರಿಗೆ ಅದೇ ಬೇಕು. ಅದೇ ಅಕ್ಷರದಲ್ಲಿ ಕೆಳಗೆ ವಿಳಾಸವನ್ನೂ ಬರೆಯಿರಿ ಎಂದು ಯಾರಾದರೂ ಕೇಳಿದರೆ ಬೋರ್ಡಣ್ಣ ಒಪ್ಪುತ್ತಿರಲಿಲ್ಲ. ‘ಇದನ್ನ ಸಣ್ಣದು ಮಾಡಿದ್ರೆ ಮುಳ್ಳುಮುಳ್ಳು ಸಿಕ್ಕಾಕ್ಕೊಂಡು ಬೇಲಿ ಥರ ಕಾಣುತ್ತೆ. ನಿಮ್ಮ ಅಂಗಡಿಗೆ ಬೇಲಿ ಬೇಕಾ?’ ಎನ್ನುತ್ತಿದ್ದ.

ಮುಳ್ಳು ಹುಟ್ಟಿದ ಕತೆಯನ್ನು ಅವನೇ ನನಗೆ ಹೇಳಿದ್ದ, ಒಂದು ಸಲವಲ್ಲ, ಹತ್ತು ಸಲ. ಮದುವೆಯಾದ ಹೊಸತು. ಅವನು ಸೀಮೆಸುಣ್ಣದಲ್ಲಿ ಅಕ್ಷರದ ಅಂಚು ಬರೆಯುವುದು, ಅವಳು ಅದರೊಳಗೆ ಬಣ್ಣ ತುಂಬುವುದು. ಆಗ ಅವನ ಅಕ್ಷರಗಳ ಪಾದ ಇಟ್ಟಿಗೆ ಕತ್ತರಿಸಿಟ್ಟ ಹಾಗೆ ಚಪ್ಪಟೆ. ಗಡಿಯಾರ ರಿಪೇರಿಯವರ ಬೋರ್ಡು ತುಂಬುವಾಗ ಅವಳ ಕುಂಚದಲ್ಲಿ ಒಂದು ಕೂದಲು ಸಡಿಲವಾಗಿತ್ತು. ಕುಂಚ ಎತ್ತುವಾಗಲೆಲ್ಲ ಅದು ಬಣ್ಣವನ್ನು ಅಂಚಿನಾಚೆಗೆ ಎಳೆದುಕೊಂಡು ಹೋಗಿ ಚೂಪು ಮಾಡುತ್ತಿತ್ತು. ನಾಲ್ಕು ಅಕ್ಷರ ಮುಗಿದ ಮೇಲೆ ಬೋರ್ಡಣ್ಣ ನೋಡಿ ಕೂಗಾಡಿದನಂತೆ. ಒರೆಸುವುದಕ್ಕೆ ಬಟ್ಟೆ ಹುಡುಕುತ್ತಿರುವಾಗ ಗಡಿಯಾರದವರೇ ಬಂದರು. ‘ಗಡಿಯಾರದ ಮುಳ್ಳಿನ ಥರ ಮಾಡಿದೀರಲ್ಲ, ಎಷ್ಟು ಯೋಚನೆ ಮಾಡಿದೀರಿ’ ಎಂದು ಹೊಗಳಿ ಹೋದರು.

ಅಲ್ಲಿಂದ ಮುಂದೆ ಅವಳು ಅದನ್ನು ಬೇಕೆಂದೇ ಮಾಡಲು ಕಲಿತಳು. ಒಂದೇ ದಿನದಲ್ಲಿ ಬಂದದ್ದಲ್ಲ. ಕುಂಚ ಒತ್ತಿ, ಮಣಿಕಟ್ಟು ಒಂದಿಷ್ಟೇ ತಿರುಗಿಸಿ, ಬಟ್ಟೆಯಿಂದ ನೂಲು ಸೆಳೆದಂತೆ ಮೇಲಕ್ಕೆ ಸೆಳೆಯಬೇಕು. ಸೆಳೆಯುವಾಗ ಉಸಿರು ಬಿಡಬಾರದು. ವರ್ಷ ಎರಡು ವರ್ಷದಲ್ಲಿ ಅವಳ ಕೈ ಎಷ್ಟು ಪಳಗಿತೆಂದರೆ ಬೋರ್ಡಣ್ಣ ಅಕ್ಷರದ ಕೊನೆಗಳನ್ನು ಬರೆಯುವುದನ್ನೇ ಬಿಟ್ಟ. ಮೈಯ ಗೆರೆ ಎಳೆದು ತಲೆ, ಪಾದ ತೆರೆದೇ ಬಿಡುತ್ತಿದ್ದ. ‘ತುದಿ ನಿಂದು’ ಎಂದು ಬೋರ್ಡಿನ ತಗಡನ್ನು ಅವಳ ಕಡೆ ಜರುಗಿಸುತ್ತಿದ್ದ. ಎಲ್ಲಿ ಮುಳ್ಳು ಉದ್ದ, ಎಲ್ಲಿ ಮೊಂಡು, ಯಾವುದು ಎಡಕ್ಕೆ ವಾಲಬೇಕು, ಎಲ್ಲ ಅವಳ ಲೆಕ್ಕಾಚಾರ. ಅಕ್ಷರಗಳಿಗೆ ಅವಳೇ ಹೆಸರಿಟ್ಟಿದ್ದಳು. ಹೊಟ್ಟೆ ಮುಂದಿರುವುದು ಬಸುರಿ. ಒಂದು ಕಾಲು ಗಿಡ್ಡ ಇರುವುದು ಕುಂಟ. ಉಳಿದವೆಲ್ಲ ಒಂದು ಕಡೆ ನೋಡಿದರೆ ತಾನೊಂದೇ ಇನ್ನೊಂದು ಕಡೆ ಮುಖ ಮಾಡಿ ನಿಲ್ಲುವ ಅಕ್ಷರ ಮುನಿಸಿನವಳು. ‘ಬಸುರಿಗೆ ಪಾದದಲ್ಲಿ ಮುಳ್ಳು ಚಿಕ್ಕದಿರಲಿ, ಪಾಪ, ಭಾರ ಹೊತ್ಕೊಂಡು ನಿಂತವಳು’ ಎನ್ನುತ್ತ ತುಂಬುವಳು.

ಬಣ್ಣ ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಗೆರೆ ಒರೆಸಿಬಿಡುತ್ತಾರೆ. ಅವನು ಎಲ್ಲಿಯವರೆಗೆ ಬರೆದಿದ್ದ, ಅವಳು ಎಲ್ಲಿಂದ ಶುರುಮಾಡಿದಳು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ.

ಬೋರ್ಡಿನ ಬಲಮೂಲೆಯಲ್ಲಿ ಅವನು ಚಿಕ್ಕದಾಗಿ ತನ್ನ ಹೆಸರು ಹಾಕುತ್ತಿದ್ದ. ಒಮ್ಮೆ ನನ್ನೆದುರಿಗೇ ಕೇಳಿದ:

‘ನಿನ್ನ ಹೆಸರೂ ಹಾಕ್ಲಾ?’

‘ಬೇಡ ಬಿಡಿ,’ ಎಂದಳು ಅಕ್ಕ, ‘ಎರಡೆರಡು ಹೆಸರು ಹಾಕಿದ್ರೆ ಮೂಲೆ ಗಿಜಿಗಿಜಿ ಅನ್ನುತ್ತೆ.’

ಅವನು ಒತ್ತಾಯ ಮಾಡಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆ ಮೂಲೆ ನಿಜಕ್ಕೂ ಚಿಕ್ಕದು.

ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರದಲ್ಲಿ ಅಚ್ಚು ಹಾಕುವ ಕಾಲ ಬಂತು. ಕೆಲಸ ಇಳಿಯಿತು. ಆದರೂ ಹಳೆಯ ಗಿರಾಕಿಗಳು ಅಷ್ಟಿಷ್ಟು ತರುತ್ತಿದ್ದರು. ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರ ಬೋರ್ಡಿಗೆ ಗೆರೆ ಹೊಡೆಯುತ್ತಿದ್ದರು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ತಗಡಿನ ಆಚೆ ತುದಿಯಲ್ಲಿ ಅವನು, ಈಚೆ ತುದಿಯಲ್ಲಿ ಅವಳು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಚಟ್ಟೆಂದು ಬಿಡಬೇಕು. ದಾರ ಇದ್ದಕ್ಕಿದ್ದಂತೆ ಸಡಿಲವಾಯಿತು.

‘ರೀ, ಸರಿಯಾಗಿ ಹಿಡ್ಕೊಳ್ಳಿ’ ಎಂದಳು ಅಕ್ಕ, ತಲೆಯೆತ್ತದೆ.

ಅವನು ಆಗಲೇ ಗೋಡೆಗೊರಗಿ ಕುಸಿಯುತ್ತಿದ್ದ. ನಾನು ಜಾಲರಿಯಿಂದ ನೋಡಿ ಓಡಿದೆ.

ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಮೂರು ವಾರ ಕಳೆದ ಮೇಲೆ ಒಂದೇ ಒಂದು ಮಾತು ವಾಪಸು ಬಂತು: ‘ಆಯ್ತು.’ ನೀರು ಬೇಕಾ ಎಂದರೆ ಆಯ್ತು. ಬೇಡವಾ ಎಂದರೂ ಆಯ್ತು. ನೋವಾಗುತ್ತಿದ್ದರೆ, ಸಿಟ್ಟು ಬಂದರೆ, ಅಕ್ಕ ಎಲ್ಲಿ ಹೋದಳೆಂದು ಹುಡುಕುವಾಗ, ಎಲ್ಲಕ್ಕೂ ಅದೇ. ಆಸ್ಪತ್ರೆಯ ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ‘ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಹೇಳಬೇಕು ಅಂದಾಗ ಮಾತು ಸಿಗಲ್ಲ. ಈ ಒಂದು ಹೇಗೋ ಉಳ್ಕೊಂಡಿದೆ. ತಲೆ ಆಡಿಸೋದನ್ನೂ ನಂಬಬೇಡಿ, ಅದೂ ಅದಲುಬದಲು ಆಗುತ್ತೆ.’

ಅಕ್ಕ ಅವನ ಎಡಗೈಗೆ ಸೀಮೆಸುಣ್ಣ ಕೊಟ್ಟು ನೋಡಿದಳು. ಅಕ್ಷರ ಬರೆದೇ ಬಾಳಿದವನಿಗೆ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಸ್ಲೇಟಿನ ಮೇಲೆ ಎರೆಹುಳು ಹರಿದಂಥ ಒಂದು ಗೆರೆ ಎಳೆದು, ಅದನ್ನೇ ನೋಡುತ್ತ ಕೂತ. ಅವಳು ಸ್ಲೇಟನ್ನು ಒಳಗಿಟ್ಟವಳು ಮತ್ತೆ ತೆಗೆಯಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಮನೆ ಅಂಗಡಿಯ ಹಿಂದೆಯೇ. ಹಗಲು ಹೊತ್ತು ಅವನನ್ನು ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದಳು, ಬೀದಿ ಕಾಣಲಿ ಎಂದು.

ಆ ಕುರ್ಚಿಯ ಮುಂದೆಯೇ ಒಂದು ದಿನ ಆ ಹುಡುಗಿ ಬಂದು ನಿಂತದ್ದು. ಹುಡುಗಿ ಎಂದರೆ ಮೂವತ್ತರ ಹತ್ತಿರ ಹತ್ತಿರ. ಕಂಪ್ಯೂಟರಿನಲ್ಲಿ ಅಚ್ಚಿನ ಅಕ್ಷರ ರೂಪಿಸುವುದು ಅವಳ ಕಸುಬು. ಕುತ್ತಿಗೆಯಲ್ಲಿ ಕ್ಯಾಮೆರಾ, ಕೈಯಲ್ಲಿ ನೋಟುಬುಕ್ಕು. ಎರಡು ವರ್ಷದಿಂದ ಊರಿನ ಬೋರ್ಡುಗಳ ಚಿತ್ರ ತೆಗೆಯುತ್ತಿದ್ದಳಂತೆ. ಬಲಮೂಲೆಯ ಹೆಸರು ಹಿಡಿದುಕೊಂಡು ಹುಡುಕುತ್ತ ಬಂದಿದ್ದಳು.

‘ಅಂಕಲ್, ಇದು ಗೋಥಿಕ್ ಜಾತಿಯ ಅಕ್ಷರ,’ ಎಂದಳು, ಕಣ್ಣು ಹೊಳೆಯುತ್ತಿತ್ತು. ‘ನೂರಾರು ವರ್ಷದ ಹಿಂದೆ ಪಶ್ಚಿಮ ದೇಶಗಳಲ್ಲಿ ಹಕ್ಕಿಗರಿಯ ಲೇಖನಿಯಲ್ಲಿ ಬರೀತಿದ್ರಲ್ಲ, ಆ ವಂಶದ್ದು. ನೀವು ಎಲ್ಲಿ ನೋಡಿ ಕಲಿತ್ರಿ? ಈ ತುದಿ ಹೇಗೆ ಹೊಳೀತು ನಿಮಗೆ?’

ಬೋರ್ಡಣ್ಣನ ಮುಖ ಅರಳಿತು. ಎಡಗೈ ಎತ್ತಿ ಅಕ್ಕನ ಕಡೆ ತೋರಿಸಿದ. ‘ಆಯ್ತು’ ಎಂದ. ಮತ್ತೆ ತೋರಿಸಿದ. ‘ಆಯ್ತು, ಆಯ್ತು.’

‘ನೀರು ಬೇಕಂತ ಕಾಣುತ್ತೆ ಆಂಟಿ’ ಎಂದಳು ಹುಡುಗಿ.

ಅಕ್ಕ ಒಂದು ಗಳಿಗೆ ಅವನ ಮುಖ ನೋಡಿದಳು. ಏನು ಹೇಳುತ್ತಿದ್ದಾನೆಂದು ಅವಳಿಗೂ ಗೊತ್ತು, ಜಾಲರಿಯ ಈಚೆ ನಿಂತ ನನಗೂ ಗೊತ್ತು. ಅವಳು ಒಳಗೆ ಹೋಗಿ ನೀರು ತಂದಳು. ಅವನು ಲೋಟವನ್ನು ತಳ್ಳಿದ. ಅರ್ಧ ನೀರು ಅವಳ ಸೀರೆಯ ಮೇಲೆ ಚೆಲ್ಲಿತು.

ಹುಡುಗಿ ಹೋದ ಮೇಲೆ ಕೇಳಿದೆ: ‘ಯಾಕಕ್ಕ ಸುಮ್ಮನಿದ್ದೆ?’

‘ಅವರಿಗೆ ಮಾತು ಬರೋವಾಗ ನಾನು ಹೇಳಿದ್ರೆ ಅದು ಬೇರೆ,’ ಎಂದಳು ಅಕ್ಕ. ‘ಈಗ ಹೇಳಿದ್ರೆ ಬಾಯಿ ಇಲ್ಲದೋನ ಕೈಯಿಂದ ಕಿತ್ಕೊಂಡ ಹಾಗೆ ಆಗುತ್ತೆ. ಆ ಹುಡುಗಿ ಏನು ಅಂದ್ಕೋತಾಳೆ?’

‘ಅವನೇ ಹೇಳ್ತಿದ್ದಾನಲ್ಲ.’

‘ಹೇಳ್ತಿದ್ದಾರೆ. ಕೇಳಿಸಿದ್ದು ನಮ್ಮಿಬ್ಬರಿಗೇ.’

ಹುಡುಗಿ ಮತ್ತೆ ಮತ್ತೆ ಬಂದಳು. ಒಳ್ಳೆಯವಳು, ಅವಳ ಮೇಲೆ ದೂರು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಬರುವಾಗ ಬೋರ್ಡಣ್ಣನಿಗೆ ಹಣ್ಣು ತರುವಳು, ಪಕ್ಕದಲ್ಲಿ ಮೊಣಕಾಲೂರಿ ಕೂತು ಚಿತ್ರಗಳನ್ನು ತೋರಿಸುವಳು. ಊರಿನ ಬೋರ್ಡುಗಳಲ್ಲಿ ಎಲ್ಲ ಅಕ್ಷರಗಳೂ ಸಿಕ್ಕಿದ್ದವು, ನಾಲ್ಕನ್ನು ಬಿಟ್ಟು. ಆ ನಾಲ್ಕು ಯಾವ ಅಂಗಡಿಯ ಹೆಸರಿನಲ್ಲೂ ಬಂದಿರಲಿಲ್ಲ. ಅವುಗಳಲ್ಲಿ ಮುನಿಸಿನವಳೂ ಒಂದು. ಹುಡುಗಿ ಉಳಿದ ಅಕ್ಷರಗಳ ತುಂಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಆ ನಾಲ್ಕನ್ನು ತಾನೇ ಮಾಡಿ, ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿಕೊಂಡು ಬಂದಳು.

ಬೋರ್ಡಣ್ಣ ನೋಡಿದವನೇ ಹಾಳೆಯ ಮೇಲೆ ಎಡಗೈಯಿಂದ ಬಡಿಯತೊಡಗಿದ. ‘ಆಯ್ತು, ಆಯ್ತು, ಆಯ್ತು.’ ಜೊಲ್ಲು ಇಳಿಯಿತು. ಹುಡುಗಿ ಹೆದರಿ ಎದ್ದು ನಿಂತಳು.

‘ಖುಷಿ ಆಯ್ತಾ ಅಂಕಲ್? ಇಲ್ಲ, ಸುಸ್ತಾಗಿದೆಯಾ? ನಾನು ಆಮೇಲೆ ಬರ್ಲಾ?’

ಅಕ್ಕ ಹಾಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಮುನಿಸಿನವಳ ಮುಳ್ಳುಗಳು ಎಲ್ಲ ಒಂದೇ ಅಳತೆ, ಒಂದೇ ವಾಲು. ಬೇರೆ ಅಕ್ಷರದಿಂದ ಕತ್ತರಿಸಿ ತಂದು ಅಂಟಿಸಿದವು. ಆಚೆ ಮುಖ ಮಾಡಿ ನಿಂತ ಅಕ್ಷರಕ್ಕೆ ಈಚೆ ಮುಖದ ಮುಳ್ಳು. ಅವಳು ಮೂಲೆಯಲ್ಲಿದ್ದ ಹಳೆಯ ತಗಡೊಂದನ್ನು ಎಳೆದು ಅದರ ಹಿಂಬದಿ ಒರೆಸಿದಳು. ಡಬ್ಬಿಯ ಮುಚ್ಚಳ ತೆಗೆದಳು. ಎರಡು ವರ್ಷದಿಂದ ಮುಟ್ಟದ ಕುಂಚವನ್ನು ಬೆರಳಲ್ಲಿ ಮೆದು ಮಾಡಿಕೊಂಡಳು. ಸೀಮೆಸುಣ್ಣದ ಗೆರೆಯಿಲ್ಲ, ದಾರವಿಲ್ಲ, ಕೈ ಊರಲು ಕೋಲೂ ಇಲ್ಲ. ಮುನಿಸಿನವಳನ್ನು ಒಂದೇ ಉಸಿರಿಗೆ ಬರೆದಳು. ನಾಲ್ಕು ಕಡೆ ಕುಂಚ ಸೆಳೆದಳು, ನಾಲ್ಕು ಮುಳ್ಳೂ ಬೇರೆ ಬೇರೆ.

ಬೋರ್ಡಣ್ಣನ ‘ಆಯ್ತು’ ನಿಂತಿತು. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ನನಗೆ ಎದೆ ಹಗುರವಾಯಿತು. ಇನ್ನೇನು, ಹುಡುಗಿಗೆ ಗೊತ್ತಾಗಿಯೇಬಿಟ್ಟಿತು ಅಂದುಕೊಂಡೆ.

ಹುಡುಗಿ ಎರಡೂ ಕೈ ಕೆನ್ನೆಗಿಟ್ಟುಕೊಂಡು ನೋಡುತ್ತಿದ್ದಳು. ‘ಆಂಟಿ, ಅಬ್ಬಾ,’ ಎಂದಳು. ‘ಜೊತೇಲಿದ್ದು ಜೊತೇಲಿದ್ದು ನಿಮಗೂ ಬಂದ್ಬಿಟ್ಟಿದೆ. ಥೇಟ್ ಅಂಕಲ್ ಕೈಯೇ.’

ಅಕ್ಕ ಕುಂಚ ಕೆಳಗಿಟ್ಟಳು. ಆಗ ಅವಳು ಬಾಯಿ ಬಿಟ್ಟಳು. ಬಿಡಲಿಲ್ಲ ಎಂದು ಯಾರೂ ಹೇಳಬಾರದು. ‘ತುದಿ ಮಾಡ್ತಿದ್ದಿದ್ದು ನಾನೇ ಕಣಮ್ಮ’ ಎಂದಳು, ಮೆತ್ತಗೆ.

‘ಗೊತ್ತು ಆಂಟಿ, ನೀವು ಬಣ್ಣ ತುಂಬ್ತಿದ್ರಿ ಅಂತ ಗಡಿಯಾರದ ಅಂಗಡಿಯವರು ಹೇಳಿದ್ರು. ಅದನ್ನೂ ಖಂಡಿತ ಬರೀತೀನಿ’ ಎಂದು ಹುಡುಗಿ ನೋಟುಬುಕ್ಕು ತೆಗೆದು ನಿಜವಾಗಿಯೂ ಬರೆದುಕೊಂಡಳು. ತಗಡಿನ ಚಿತ್ರ ತೆಗೆದಳು. ಉಳಿದ ಮೂರು ಅಕ್ಷರಗಳನ್ನೂ ಅಕ್ಕನಿಂದ ಬರೆಸಿಕೊಂಡಳು. ಅಕ್ಕ ಬರೆದುಕೊಟ್ಟಳು. ಮತ್ತೆ ಹೇಳಲಿಲ್ಲ. ಒಂದು ಸಲ ಹೇಳಿದ್ದು ಹಾಗೆ ಜಾರಿಹೋದ ಮೇಲೆ ಎರಡನೇ ಸಲ ಹೇಳುವುದು ಜಗಳ ತೆಗೆದ ಹಾಗೆ ಅನ್ನಿಸಿತಂತೆ.

ಅಕ್ಷರ ಸಿದ್ಧವಾಯಿತು. ಸಾಲು ಸಮ ಕಾಣಲೆಂದು ಕಂಪ್ಯೂಟರಿನಲ್ಲಿ ಪಾದದ ಮುಳ್ಳುಗಳನ್ನೆಲ್ಲ ಒಂದೇ ಅಳತೆಗೆ ತಂದಿದ್ದರು. ಅದಕ್ಕೆ ‘ಬೋರ್ಡಣ್ಣ’ ಎಂದೇ ಹೆಸರಿಟ್ಟರು. ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಒಂದು ಸಂಜೆ ಬಿಡುಗಡೆ. ಕೊಡಲಿದ್ದ ನೆನಪಿನ ಫಲಕಕ್ಕೆ ಗಾಜು ಹಾಕಿದವನು ನಾನೇ. ಬೋರ್ಡಣ್ಣನನ್ನು ಕುರ್ಚಿ ಸಮೇತ ಮೆಟ್ಟಿಲು ಹತ್ತಿಸಿದೆವು. ಪರದೆಯ ಮೇಲೆ ಮುಳ್ಳಕ್ಷರಗಳು ಆಳೆತ್ತರಕ್ಕೆ ನಿಂತಿದ್ದವು. ಒಬ್ಬ ಅಧ್ಯಾಪಕರು ಕೋಲು ಹಿಡಿದು ಆ ಮುಳ್ಳುಗಳನ್ನೇ ತೋರಿಸುತ್ತ ಅರ್ಧ ಗಂಟೆ ಮಾತಾಡಿದರು. ಈ ಕಲಾವಿದನ ಮನಸ್ಸಿನಲ್ಲಿ ಒಂದು ಒಳಗುದಿ ಇದ್ದಿರಬೇಕು, ಅದೇ ಹೀಗೆ ಚೂಪಾಗಿದೆ ಎಂದರು. ಸಡಿಲವಾದ ಕುಂಚದ ಕೂದಲು ನೆನಪಾಗಿ ನನಗೆ ನಗು ಬಂತು. ಅಕ್ಕನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ.

ಮೈಕನ್ನು ಬೋರ್ಡಣ್ಣನ ಬಾಯಿಯ ಹತ್ತಿರ ತಂದರು. ಅವನು ಎಡಗೈಯಿಂದ ಕುರ್ಚಿಯ ತೋಳು ಹಿಡಿದು ಏಳಲು ಹೆಣಗಿದ. ಆಗಲಿಲ್ಲ. ಪರದೆ ತೋರಿಸಿದ, ಆಮೇಲೆ ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕನನ್ನು ತೋರಿಸಿದ. ಮತ್ತೆ ಪರದೆ, ಮತ್ತೆ ಅಕ್ಕ. ‘ಆಯ್ತು’ ಎಂದ, ಸಭಾಂಗಣದ ಗೋಡೆಗಳಿಂದೆಲ್ಲ ಅದು ವಾಪಸು ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಾಕೆ ಕಣ್ಣೊರೆಸಿಕೊಂಡು, ‘ಹೆಂಡ್ತಿ ಮೇಲೆ ಎಷ್ಟು ಪ್ರೀತಿ ನೋಡಿ’ ಎಂದಳು.

ನಾನು ಕೈಯೆತ್ತಿದೆ. ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದರು. ಕೊನೆಯಲ್ಲಿ ಚಹಾ ಬಂತು.

ಚಹಾದ ಸಾಲಿನಲ್ಲಿ ಹುಡುಗಿಯನ್ನು ಹಿಡಿದು ಎಲ್ಲ ಹೇಳಿದೆ: ತೆರೆದೇ ಬಿಡುತ್ತಿದ್ದ ಕೊನೆಗಳು, ಗಡಿಯಾರದವರ ಬೋರ್ಡು, ‘ತುದಿ ನಿಂದು’ ಎಂಬ ಮಾತು. ಅವಳ ಲೋಟ ಅರ್ಧದಲ್ಲೇ ನಿಂತಿತು. ‘ಈಗ ಅವರ ಹೆಸರಲ್ಲೇ ಎಲ್ಲಾ ಕಡೆ ಹೋಗ್ಬಿಟ್ಟಿದೆಯಲ್ಲ ಅಂಕಲ್,’ ಎಂದಳು. ಲೋಟ ಕೆಳಗಿಟ್ಟು, ‘ನಾಳೆ ಅವರನ್ನೇ ಕೇಳ್ತೀನಿ. ಅವರು ಹೌದು ಅಂದ್ರೆ ಸಾಕು, ಬದಲಾಯಿಸ್ತೀನಿ’ ಎಂದಳು.

ಮಾತಿಗೆ ತಪ್ಪಲಿಲ್ಲ. ಮಾರನೇ ಬೆಳಿಗ್ಗೆ ಬಂದು ಕುರ್ಚಿಯ ಮುಂದೆ ಕೂತಳು. ನಾನೂ ಜಾಲರಿ ಬಿಟ್ಟು ಆ ಕಡೆ ಹೋಗಿ ನಿಂತೆ.

‘ಅಂಕಲ್, ಈ ಅಕ್ಷರದ ತುದಿಗಳನ್ನ ಮಾಡಿದ್ದು ಆಂಟಿನಾ?’

‘ಆಯ್ತು.’

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ತುಟಿ ಕಚ್ಚಿಕೊಂಡು ಇನ್ನೊಂದು ಕೇಳಿದಳು; ಕೇಳಲೇಬೇಕಿತ್ತು.

‘ಇಲ್ಲ, ನೀವೇ ಮಾಡಿದ್ದಾ?’

‘ಆಯ್ತು,’ ಎಂದ ಬೋರ್ಡಣ್ಣ. ತನ್ನ ಬಾಯಿಂದ ಬಂದದ್ದು ಕೇಳಿ ಅವನ ಕಣ್ಣು ದೊಡ್ಡದಾಯಿತು. ತಲೆಯನ್ನು ಅಡ್ಡಡ್ಡ ಆಡಿಸಲು ಹೋದ. ಅದು ಮೇಲೆ ಕೆಳಗೆ ಆಡಿತು. ತಲೆಯನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದ. ‘ಆಯ್ತು. ಆಯ್ತು.’ ಆ ಮಾತನ್ನು ಉಗಿದುಬಿಡುವವನಂತೆ ಮತ್ತೆ ಮತ್ತೆ ಹೇಳಿದ. ಅದರ ಹಿಂದೆ ಬೇರೆ ಮಾತು ಬರಲೇ ಇಲ್ಲ.

‘ಆಂಟಿನ ತೋರ್ಸಿ ಅಂಕಲ್, ಅಥವಾ ನಿಮ್ಮನ್ನ ನೀವೇ ತೋರ್ಸ್ಕೊಳ್ಳಿ.’

ಅವನ ಕೈ ಅಕ್ಕನ ಕಡೆ ಹೊರಟಿತು, ನಡುದಾರಿಯಲ್ಲಿ ತನ್ನ ಎದೆಗೆ ತಾಗಿತು, ಅಲ್ಲಿಂದ ಗೋಡೆಗೆ ಹೋಯಿತು. ಹಿಂದಿನ ದಿನ ಸಭೆಯಲ್ಲಿ ಸರಿಯಾಗಿ ತೋರಿಸಿದ್ದ ಕೈ ಅದು. ಇವತ್ತು, ತೋರಿಸು ಎಂದಾಗ, ಮಾತು ಕೇಳಲಿಲ್ಲ.

‘ಸಾಕು ಬಿಡಮ್ಮ,’ ಎಂದು ಅಕ್ಕ ಬಂದು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ‘ಅವರಿಗೆ ಹಿಂಸೆ ಆಗುತ್ತೆ.’

‘ಆಂಟಿ, ನಾನು ಯಾವುದನ್ನ ಬರೀಲಿ?’

‘ಬರೆದಿದ್ದು ಇರಲಿ ಬಿಡು.’

ಹುಡುಗಿ ಎದ್ದು ಹೋಗುವಾಗ ನನ್ನ ಅಂಗಡಿಯ ಮುಂದೆ ನಿಂತು, ‘ನಂಗೆ ನಿಮ್ಮ ಮೇಲೆ ನಂಬಿಕೆ ಇದೆ ಅಂಕಲ್, ಆದ್ರೆ ಇದನ್ನ ಹೇಗೆ ಬದಲಾಯಿಸ್ಲಿ?’ ಎಂದು ಕೇಳಿದಳು.

ಬೋರ್ಡಣ್ಣ ಮರುವರ್ಷ ನಿದ್ದೆಯಲ್ಲಿ ತೀರಿಕೊಂಡ. ಅಷ್ಟರಲ್ಲಿ ಆ ಅಕ್ಷರ ಬಸ್ಸುಗಳ ಮೇಲೆ, ಔಷಧದ ಅಂಗಡಿಗಳ ಮೇಲೆ, ಸಾಬೂನಿನ ಡಬ್ಬಿಯ ಮೇಲೆ ಎಲ್ಲ ಬಂದಿತ್ತು. ಅವನ ಸಾವಿನ ಸುದ್ದಿಯ ಕಾಗದಕ್ಕೂ ಮುದ್ರಣದವರು ಅದನ್ನೇ ಹಾಕಿದರು, ವಿಳಾಸ ಸಮೇತ ಸಣ್ಣದಾಗಿ. ಓದಲಾಗಲಿಲ್ಲ.

ಅಕ್ಕ ಅಂಗಡಿ ಮುಚ್ಚಲಿಲ್ಲ. ಬರುವವರು ಕಡಿಮೆ. ಹೋದ ತಿಂಗಳು ಬ್ರೆಡ್ಡಿನ ಅಂಗಡಿಯ ಹೊಸ ಯಜಮಾನ ಬಂದ. ಕೈಯಿಂದ ಬರೆದ ಬೋರ್ಡೇ ಬೇಕು, ಅದಕ್ಕೊಂದು ಗತ್ತಿದೆ ಎಂದ. ‘ಬೋರ್ಡಣ್ಣ ಅಂತ ಒಂದು ಅಕ್ಷರ ಇದೆಯಲ್ಲ, ಆ ಥರ ಬರೆಯೋಕೆ ನಿಮಗೆ ಬರುತ್ತಾ?’

‘ನೋಡೋಣ’ ಎಂದಳು ಅಕ್ಕ.

ಮೂರು ದಿನ ಕೂತು ಬರೆದಳು. ಅಂಚು ಬರೆಯುವವರಿಲ್ಲದೆ ಎಲ್ಲವೂ ಅವಳ ಕೈಯದೇ. ಗಾಜಿನ ಕೆಲಸ ಬದಿಗಿಟ್ಟು ನೋಡುತ್ತಿದ್ದೆ. ಅಷ್ಟು ಚೆಂದದ ಮುಳ್ಳುಗಳನ್ನು ಆ ಅಂಗಡಿಯಲ್ಲಿ ಹಿಂದೆ ಯಾವತ್ತೂ ನೋಡಿರಲಿಲ್ಲ.

ಯಜಮಾನ ಬಂದು ಫೋನು ತೆಗೆದ. ಅದರಲ್ಲಿನ ಅಕ್ಷರವನ್ನೂ ತಗಡನ್ನೂ ಹೋಲಿಸಿ ನೋಡಿದ. ಒರಟನಲ್ಲ, ಸಂಕೋಚದಿಂದಲೇ ಹೇಳಿದ. ‘ಚೆನ್ನಾಗಿದೆ ಅಮ್ಮ. ಆದ್ರೆ ಈ ಮೂರನೇದರ ಪಾದ ನೋಡಿ, ಒರಿಜಿನಲ್‌ನಲ್ಲಿ ಹೀಗಿಲ್ಲ. ಅದರಲ್ಲಿ ಮುಳ್ಳು ಇನ್ನೂ ಉದ್ದ.’

ಮೂರನೆಯದು ಬಸುರಿ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದೆ. ಅವಳು ಫೋನನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದಳು.

‘ಹೌದಲ್ಲ,’ ಎಂದಳು. ‘ಸರಿ ಮಾಡಿಕೊಡ್ತೀನಿ. ನಾಳೆ ಬನ್ನಿ.’

ಅವನು ಹೋದ ಮೇಲೆ ಅವಳು ಬಟ್ಟೆಯ ಚೂರನ್ನು ಟರ್ಪೆಂಟೈನಿನಲ್ಲಿ ಅದ್ದಿ ಆ ಪಾದವನ್ನು ಒರೆಸಿದಳು. ತಗಡು ಬೋಳಾಯಿತು. ಆಮೇಲೆ ಬಾಗಿಲ ಬೆಳಕಿಗೆ ಬೋರ್ಡು ಜರುಗಿಸಿಕೊಂಡು, ಅಲ್ಲಿ ಇನ್ನೊಂದು ಮುಳ್ಳು ಬರೆಯತೊಡಗಿದಳು, ಅವನು ಕೇಳಿದಷ್ಟು ಉದ್ದಕ್ಕೆ.